ಪೆಡ್ರೊ ಕೈಯ ಚೆಂಡು

ಬೇಸ್‌ಬಾಲ್‌ನ ಸಾರ್ವಕಾಲಿಕ ಶ್ರೇಷ್ಠ ಪಿಚರ್ ಯಾರೆಂಬ ವಾದ ಎದ್ದರೆ ಸೈ ಯಂಗ್‌ನ 511 ಗೆಲುವು, ವಾಲ್ಟರ್ ಜಾನ್ಸನ್‌ನ 110 ಶಟೌಟ್, ನೋಲನ್ ರಯಾನ್‌ನ 5,714 ಸ್ಟ್ರೈಕ್‌ಔಟ್ ಮುಂದೆ ಬಂದು ನಿಲ್ಲುತ್ತವೆ. ನನ್ನ ಮತ ಮಾತ್ರ ಪೆಡ್ರೊ ಮಾರ್ಟಿನೆಜ್‌ಗೆ. ಡೊಮಿನಿಕನ್ ಗಣರಾಜ್ಯದ ಸಣಕಲು ಆಳು ಈತ. 2000ನೇ ಇಸವಿ, ಬ್ಯಾಟುಗಾರರು ಮನಬಂದಂತೆ ಹೋಂ ರನ್ ಚಚ್ಚುತ್ತಿದ್ದ ಕಾಲ. ಅಮೆರಿಕನ್ ಲೀಗಿನಲ್ಲಿ ಒಂಬತ್ತು ಇನಿಂಗ್ಸಿಗೆ ಪಿಚರ್‌ಗಳ ಅರ್ನ್ಡ್ ರನ್ ಸರಾಸರಿ ಐದರ ಹತ್ತಿರವಿತ್ತು, ಪೆಡ್ರೊದು 1.74!

ಆತನ ಚೇಂಜ್‌ಅಪ್ ಎಸೆತ ನೋಡಬೇಕು. ತೋಳು ಬೀಸುವ ರಭಸ ಥೇಟ್ ಫಾಸ್ಟ್‌ಬಾಲಿನದೇ. ನೀಳ ಬೆರಳುಗಳಿಂದ ಜಾರಿ ಹೊರಟ ಚೆಂಡು ಮಾತ್ರ ತಡವಾಗಿ ಬಂದು ಪ್ಲೇಟಿನ ಬಳಿ ಕುಸಿಯುತ್ತದೆ. ಅಷ್ಟರಲ್ಲಿ ಬ್ಯಾಟು ಬರೀ ಗಾಳಿಗೆ ಬೀಸಿ ಆಗಿರುತ್ತದೆ. ಇಡೀ ವೃತ್ತಿಜೀವನ ತೂಗುವವರು ಜಾನ್ಸನ್ ಎನ್ನಲಿ, ತಕರಾರಿಲ್ಲ. ಒಂದೇ ಪಂದ್ಯ ಗೆಲ್ಲಬೇಕೆಂದರೆ ನಾನು ಚೆಂಡು ಕೊಡುವುದು ಪೆಡ್ರೊ ಕೈಗೆ.