ಕಪ್ಪುಬಿಳುಪು ಕಾರ್ಟೂನ್‌ಗಳ ವರ್ಣಲೇಪನ: ಪಾಠಾಂತರವೋ ಪಾಠಲೋಪವೋ?

ಜನಪದ ಕಥನವೊಂದಕ್ಕೆ ಹಲವು ಪಾಠಗಳಿರುವುದು ಅದರ ಜೀವಂತಿಕೆಯ ಲಕ್ಷಣ. ಹೊಸ ನಿರೂಪಕ ಕಥೆಯನ್ನು ಬದಲಿಸುತ್ತಾನೆ; ಹಳೆಯದನ್ನು ಅಳಿಸುವುದಿಲ್ಲ. ಅಮೆರಿಕದ ಹಳೆಯ ಕಪ್ಪುಬಿಳುಪು ಕಾರ್ಟೂನ್ ಚಿತ್ರಗಳಿಗೆ ಬಣ್ಣ ತುಂಬಿದ ಪ್ರಯತ್ನಗಳನ್ನು ಈ ನೆಲೆಯಿಂದ ಪರಿಶೀಲಿಸಬಹುದಾಗಿದೆ.

1960ರ ದಶಕದಲ್ಲಿ ಅಲ್ಲಿನ ಟೆಲಿವಿಷನ್ ವರ್ಣಪ್ರಸಾರಕ್ಕೆ ಹೊರಳಿದಾಗ ಕಪ್ಪುಬಿಳುಪು ಚಿತ್ರಗಳಿಗೆ ಬೇಡಿಕೆ ಕುಗ್ಗಿತು. ಆ ದಶಕದ ಕೊನೆಯಲ್ಲಿ ವಾರ್ನರ್ ಬ್ರದರ್ಸ್‌ನ ಪೋರ್ಕಿ ಪಿಗ್ ಚಿತ್ರಗಳನ್ನು ದಕ್ಷಿಣ ಕೊರಿಯಾದಲ್ಲಿ ಕೈಯಿಂದ ನಕಲಿಸಿ ಬಣ್ಣ ತುಂಬಲಾಯಿತು. ವೆಚ್ಚ ಉಳಿಸಲು ನಡುನಡುವಿನ ಚಿತ್ರಗಳನ್ನು ಕೈಬಿಟ್ಟದ್ದರಿಂದ ಚಲನೆಯ ಲಯ ಮುರಿಯಿತು. ಹಿನ್ನೆಲೆಯ ವಿವರಗಳು ಮಾಯವಾದವು. 1990ರ ದಶಕದ ಗಣಕೀಕೃತ ವರ್ಣಲೇಪನವು ಮೂಲ ರೇಖೆಯನ್ನೂ ಚಲನೆಯನ್ನೂ ಉಳಿಸಿಕೊಂಡಿತಾದರೂ ಮುಖ್ಯ ಪ್ರಶ್ನೆ ಹಾಗೆಯೇ ಉಳಿಯಿತು. ನಟರು ಅಭಿನಯಿಸಿದ ಚಿತ್ರದಲ್ಲಿ ಕ್ಯಾಮೆರಾದ ಮುಂದೆ ಬಣ್ಣವಿತ್ತು. ಕಾರ್ಟೂನಿನ ಕಲಾವಿದರಾದರೋ ಕಪ್ಪು, ಬಿಳಿ, ಬೂದು ಛಾಯೆಗಳಲ್ಲಿಯೇ ಚಿತ್ರಿಸಿದ್ದರು. ಮರಳಿ ತರಬೇಕಾದ ಬಣ್ಣವೇ ಅಲ್ಲಿರಲಿಲ್ಲ.

ಬಾಬ್ ಕ್ಲ್ಯಾಂಪೆಟ್ ನಿರ್ದೇಶಿಸಿದ ‘ಪೋರ್ಕಿ ಇನ್ ವ್ಯಾಕಿಲ್ಯಾಂಡ್’ (1938) ಚಿತ್ರವನ್ನು ಫ್ರಿಜ್ ಫ್ರೆಲೆಂಗ್ 1949ರಲ್ಲಿ ‘ಡೋ ಫಾರ್ ದ ಡೋಡೋ’ ಎಂಬ ವರ್ಣಚಿತ್ರವಾಗಿ ಪುನರ್ನಿರ್ಮಿಸಿದರು. ಹಳೆಯ ಚಲನೆಯನ್ನು ಬಳಸಿಕೊಂಡರೂ ಅದರ ಹೆಸರು ಬೇರೆ, ಹಿನ್ನೆಲೆ ಬೇರೆ. ಆದ್ದರಿಂದ ಅದು ನಿಜವಾದ ಪಾಠಾಂತರ. ಮೂಲಚಿತ್ರವೂ ಬದುಕುಳಿದು 2000ದಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. ಕೊರಿಯಾದ ನಕಲುಗಳಾದರೋ ಮೂಲದ ಹೆಸರಿನಲ್ಲಿಯೇ ಪ್ರಸಾರವಾದವು; ನಕಲುಗಾರನ ದೋಷವನ್ನು ಮೂಲ ಕಲಾವಿದನದೆಂದು ಪ್ರೇಕ್ಷಕ ತಿಳಿಯಲು ಎಡೆಯಾಯಿತು.

ಬಣ್ಣದ ಪಾಠವೂ ಸಂಗ್ರಹಯೋಗ್ಯವೇ. ಅದು ಯಾವಾಗ, ಯಾರಿಂದ, ಯಾವ ವಿಧಾನದಲ್ಲಿ ಸಿದ್ಧವಾಯಿತೆಂಬ ಉಲ್ಲೇಖ ಅದರೊಡನಿರಬೇಕು. ಕಪ್ಪುಬಿಳುಪು ಮೂಲವೂ ಅದರ ಪಕ್ಕದಲ್ಲಿಯೇ ದೊರೆಯಬೇಕು.