ಒಂದೇ ವಾದ್ಯ, ಎರಡು ಕೆಲಸ: ಫ್ಲಮೆಂಕೊ ಮತ್ತು ಶಾಸ್ತ್ರೀಯ ಗಿಟಾರ್

ಫ್ಲಮೆಂಕೊ ಗಿಟಾರ್, ಶಾಸ್ತ್ರೀಯ ಗಿಟಾರ್ ಎಂದು ಇಂದು ಎರಡು ಹೆಸರಿನಲ್ಲಿ ಮಾರಾಟವಾಗುವ ವಾದ್ಯಗಳ ಮೂಲ ಒಂದೇ. ದಕ್ಷಿಣ ಸ್ಪೇನಿನ ಅಲ್ಮೆರಿಯಾದ ಆಂಟೋನಿಯೊ ದೆ ತೊರ್ರೆಸ್ (1817–1892) ಗಿಟಾರಿನ ಒಡಲನ್ನು ಹಿಗ್ಗಿಸಿ, ಮೇಲ್ಹಲಗೆಯ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ತೆಳು ಪಟ್ಟಿಗಳನ್ನು ಅಂಟಿಸಿ, ತಂತಿಯ ಉದ್ದವನ್ನು ಸುಮಾರು 65 ಸೆಂ.ಮೀ.ಗೆ ನೆಲೆಗೊಳಿಸಿದರು. ಹಣವಿದ್ದವರ ಗಿಟಾರಿಗೆ ಹೊರದೇಶದ ಬೀಟೆ. ಇಲ್ಲದವರದಕ್ಕೆ ಸ್ಪೇನಿನಲ್ಲೇ ಸಿಗುವ ಸೈಪ್ರೆಸ್. ಮುಂದೆ ಎರಡು ಪರಂಪರೆಗಳ ಗುರುತಾದ ಈ ಮರಗಳ ನಡುವೆ ಮೊದಲಿದ್ದ ವ್ಯತ್ಯಾಸ ಬಹುಮಟ್ಟಿಗೆ ಬೆಲೆಯದು. ತೊರ್ರೆಸ್ ಅವರ ಗೆಳೆಯ, ಅದೇ ಸೀಮೆಯ ಹೂಲಿಯಾನ್ ಅರ್ಕಾಸ್ ಇಟಲಿಯ ಆಪೆರಾಗಳ ಮೇಲೆ ಕಟ್ಟಿದ ರಚನೆಗಳನ್ನೂ ಸೊಲೆಆದಂಥ ಆಂಡಲೂಸಿಯಾದ ಮಟ್ಟುಗಳನ್ನೂ ನುಡಿಸುತ್ತಿದ್ದರು. ಶಾಸ್ತ್ರೀಯ ಶೈಲಿಯ ಪಿತಾಮಹರೆನಿಸಿದ ಫ್ರಾನ್ಸಿಸ್ಕೊ ತಾರ್‍ರೆಗಾ (1852–1909) ಬಾಲ್ಯದಲ್ಲಿ ಕೇಳಿ ಬೆರಗಾದದ್ದು ಇದೇ ಅರ್ಕಾಸರ ವಾದನವನ್ನು.

ಎರಡನ್ನೂ ಬೇರೆ ದಾರಿಗೆ ಹಚ್ಚಿದ್ದು ಅವುಗಳಿಂದ ಜನ ಬಯಸಿದ ಕೆಲಸ. ಫ್ಲಮೆಂಕೊದಲ್ಲಿ ಹಾಡು ಮೊದಲು. ಗಿಟಾರ್ ಬಹುಕಾಲ ಪಕ್ಕವಾದ್ಯವಾಗಿಯೇ ಇತ್ತು. ಗಾಯಕನ ಶ್ರುತಿಗೆ ಹೊಂದಿಕೊಳ್ಳಲು ಸೆಹಿಯಾ ಎಂಬ ಕ್ಯಾಪೊ ಕಟ್ಟಬೇಕು, ಚಪ್ಪಾಳೆ ಮತ್ತು ನರ್ತಕಿಯ ಹೆಜ್ಜೆಯ ಸದ್ದನ್ನು ಸೀಳಿಕೊಂಡು ಕೇಳಿಸಬೇಕು. ಹಗುರ ಸೈಪ್ರೆಸ್ಸಿನ ಒಣದನಿ ಥಟ್ಟನೆ ಎದ್ದು ಥಟ್ಟನೆ ಆರುತ್ತದೆ. ಲಯಕ್ಕೆ ಬೇಕಾದದ್ದು ಅದೇ. ತಂತಿಗಳು ಫ್ರೆಟ್ಟುಗಳಿಗೆ ತೀರ ಹತ್ತಿರವಿರುವುದರಿಂದ ಆಗೊಮ್ಮೆ ಈಗೊಮ್ಮೆ ಝರ್ ಎನ್ನುತ್ತವೆ. ಫ್ಲಮೆಂಕೊದವರಿಗೆ ಅದು ರುಚಿ, ಶಾಸ್ತ್ರೀಯದವರಿಗೆ ದೋಷ. ಬೆರಳಿನಿಂದ ಹಲಗೆಯ ಮೇಲೆ ಕುಟ್ಟುವ ಗೋಲ್ಪೆಗಾಗಿ ರಂಧ್ರದ ಪಕ್ಕ ಒಂದು ರಕ್ಷಾಫಲಕವೂ ಇರುತ್ತದೆ. ಶಾಸ್ತ್ರೀಯ ವಾದಕನಿಗಾದರೋ ಸದ್ದಿಲ್ಲದ ಸಭಾಂಗಣದಲ್ಲಿ ಹಿಂದಿನ ಸಾಲಿನವರೆಗೆ ತೇಲಿಹೋಗುವ, ಬಣ್ಣ ಬದಲಿಸುವ, ಬೇಗ ಆರದ ನಾದ ಬೇಕು. ಆದ್ದರಿಂದ ಬೀಟೆ, ತುಸು ಎತ್ತರದ ತಂತಿ.

ಬಲಗೈ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಬೆರಳುಗಳನ್ನು ಒಂದೊಂದಾಗಿ ಚಿಮ್ಮಿ ತಂತಿಗಳನ್ನೆಲ್ಲ ಬಾಚುವ ರಾಸ್ಗೇಆದೊ, ಹೆಬ್ಬೆರಳಿನ ಉಗುರನ್ನು ಮೇಲಕ್ಕೂ ಕೆಳಕ್ಕೂ ಆಡಿಸುವ ಅಲ್ಸಪೂಆ, ಎರಡು ಬೆರಳಿನ ಮಿಂಚಿನ ಪಿಕಾದೊ, ಇವು ಫ್ಲಮೆಂಕೊದ ಬಂಡವಾಳ. ಎರಡೂ ಕಡೆ ಇರುವ ಟ್ರೆಮೊಲೊದಲ್ಲೂ ಲೆಕ್ಕ ಬೇರೆ. ತಾರ್‍ರೆಗಾ ಅವರ ‘ರೆಕ್ವೆರ್ದೋಸ್ ದೆ ಲಾ ಆಲಂಬ್ರಾ’ದಲ್ಲಿ ಹೆಬ್ಬೆರಳಿನ ಒಂದು ಮಂದ್ರಸ್ವರದ ಬೆನ್ನಿಗೆ ಉಂಗುರಬೆರಳು, ನಡುಬೆರಳು, ತೋರುಬೆರಳುಗಳಿಂದ ಮೂರು ಮೀಟು. ಫ್ಲಮೆಂಕೊದವರು ಹೆಬ್ಬೆರಳಾದ ಕೂಡಲೇ ತೋರುಬೆರಳನ್ನೂ ಸೇರಿಸಿ ನಾಲ್ಕು ಮೀಟು ಮಾಡುತ್ತಾರೆ. ಮೊದಲನೆಯದು ಸಮವಾಗಿ ಹರಿಯುತ್ತದೆ. ಎರಡನೆಯದು ದಟ್ಟವಾಗಿ ತುಳುಕುತ್ತದೆ.

ಆದರೆ ಕಲಿತು ಎರವಲು ಪಡೆಯಬಹುದಾದ ಬೆರಳುಗಾರಿಕೆಗಿಂತ ಆಳದಲ್ಲಿರುವುದು ಕೊಂಪಾಸ್ ಎಂಬ ಲಯಾವರ್ತ. ಸೊಲೆಆದಲ್ಲಿ 12 ಎಣಿಕೆಗಳಿದ್ದು ಒತ್ತು 3, 6, 8, 10, 12ರ ಮೇಲೆ ಬೀಳುತ್ತದೆ: ಮೊದಲು ಮೂರು ಮೂರು, ಬಳಿಕ ಎರಡು ಎರಡು ಎರಡು. ತಾಳ ಹಾಕಿ ಬೆಳೆದ ಕನ್ನಡದ ಕೇಳುಗರಿಗೆ ಇದು ಪಾಶ್ಚಾತ್ಯ ಸ್ವರಲಿಪಿಯ ಅಡ್ಡಗೆರೆಗಳಿಗಿಂತ ಬೇಗ ಹಿಡಿತಕ್ಕೆ ಸಿಕ್ಕೀತು. ಸ್ವರಗಳ ವಿಷಯವೂ ಹಾಗೆಯೇ. ಫ್ಲಮೆಂಕೊದ ಮೂಲ ಮೇಳ ಸ್ವರಸ್ಥಾನಗಳಲ್ಲಿ ಹನುಮತೋಡಿಯದೇ. ಆಧಾರದ ಕಾರ್ಡಿನಲ್ಲಿ ಗಾಂಧಾರ ಏರಿದಾಗ ವಕುಳಾಭರಣದ ಛಾಯೆ ಬರುತ್ತದೆ. ಎ ಮೈನರ್, ಜಿ, ಎಫ್, ಇ ಎಂದು ಇಳಿಯುವ ಪ್ರಸಿದ್ಧ ಸರಣಿಯಲ್ಲಿ ಕೊನೆಯ ಇ ಕಾರ್ಡನ್ನು ಪಠ್ಯಪುಸ್ತಕ ‘ಎ ಮೈನರ್‌ಗೆ ಮರಳಬೇಕಾದದ್ದು’ ಎಂದು ಓದುತ್ತದೆ. ಫ್ಲಮೆಂಕೊಗೆ ಅದೇ ಮನೆ.

ಕೊಡುಕೊಳ್ಳುವಿಕೆ ನಡೆದೇ ಇತ್ತು, ಸಮಸಮವಾಗಿ ಅಲ್ಲ. ತಾರ್‍ರೆಗಾ ಅವರಲ್ಲಿ ಕಲಿತಿದ್ದ ರಾಫಾಯೆಲ್ ಮರೀನ್ 1902ರಲ್ಲಿ ಫ್ಲಮೆಂಕೊ ಗಿಟಾರಿಗೆ ಮೊದಲ ಮುಖ್ಯ ಪಾಠಪುಸ್ತಕ ಬರೆದರು. ಮ್ಯಾಡ್ರಿಡ್‌ನ ಜಿಪ್ಸಿ ವಾದಕ ರಾಮೋನ್ ಮೊಂತೋಯಾ (1879–1949) ಶಾಸ್ತ್ರೀಯ ವಾದಕ ಮಿಗೆಲ್ ಲ್ಯೊಬೆತ್ ಅವರ ವಾದನ ಕೇಳಿ ಆರ್ಪೆಜಿಯೊ, ಟ್ರೆಮೊಲೊಗಳನ್ನು ತಮ್ಮದಾಗಿಸಿಕೊಂಡರು. ಅವರು 1936ರಲ್ಲಿ ಪ್ಯಾರಿಸ್‌ನಲ್ಲಿ ಮುದ್ರಿಸಿದ ತನಿವಾದನಗಳು ಪಕ್ಕವಾದ್ಯವನ್ನು ವೇದಿಕೆಯ ನಡುವಿಗೆ ತಂದವು. ರೊಂದೆನ್ಯಾ ಎಂಬ ಮಟ್ಟಿಗೆ ಅವರು ಆರನೆಯ ತಂತಿಯನ್ನು ಡಿಗೂ ಮೂರನೆಯದನ್ನು ಎಫ್ ಶಾರ್ಪ್‌ಗೂ ಇಳಿಸಿ ನುಡಿಸಿದ ಶ್ರುತಿ ಇಂದಿಗೂ ಬಳಕೆಯಲ್ಲಿದೆ. ಹೀಗೆ ಫ್ಲಮೆಂಕೊ ತಂತ್ರವನ್ನು ಪಡೆದರೂ ಕೊಂಪಾಸ್ ಬಿಟ್ಟುಕೊಡಲಿಲ್ಲ. ಶಾಸ್ತ್ರೀಯ ಪರಂಪರೆ ಪಡೆದದ್ದು ಹೆಚ್ಚಾಗಿ ಬಣ್ಣವನ್ನು. ಸಂಯೋಜಕ ಆಲ್ಬೇನಿಸ್ ಅವರ ‘ಅಸ್ತೂರಿಯಾಸ್’ ಗಿಟಾರನ್ನು ಅನುಕರಿಸಿ ಪಿಯಾನೊಗೆ ಬರೆದದ್ದು. ಅದು ಗಿಟಾರಿಗೆ ಮರಳಿದ್ದು ಇತರರ ಕೈಯಿಂದ. ಸೊಗಸಾದ ಕೃತಿಯೇ, ಆದರೆ ಅದರಲ್ಲಿ ಫ್ಲಮೆಂಕೊ ಕಾಣುವುದು ದೂರದಿಂದ.

ಈ ದೂರವನ್ನು ಹಟದಿಂದ ಬೆಳೆಸಿದವರು ಆಂದ್ರೇಸ್ ಸೆಗೋವಿಯಾ (1893–1987). ಆಂಡಲೂಸಿಯಾದ ಲಿನಾರೆಸ್‌ನಲ್ಲಿ ಹುಟ್ಟಿ, ಊರೂರು ಅಲೆಯುವ ಫ್ಲಮೆಂಕೊ ವಾದಕನೊಬ್ಬನಿಂದಲೇ ಮೊದಲ ಪಾಠ ಕಲಿತವರು. ಸಂಯೋಜಕ ಫಾಯಾ ಮತ್ತು ಕವಿ ಲೋರ್ಕಾ 1922ರಲ್ಲಿ ಗ್ರನಾಡಾದಲ್ಲಿ ಫ್ಲಮೆಂಕೊ ಹಾಡುಗಾರಿಕೆಯ ಸ್ಪರ್ಧೆ ಏರ್ಪಡಿಸಿದಾಗ ಅದರ ಬೆಂಬಲಿಗರಲ್ಲೂ ಇದ್ದರು. ಆದರೂ ಗಿಟಾರನ್ನು ಜಾನಪದ ಮೋಜಿನಿಂದ ಬಿಡಿಸುವುದೇ ತಮ್ಮ ಮೊದಲ ಗುರಿ ಎಂದು ಸಾರಿಕೊಂಡರು. ಅವರಿಂದಾಗಿ ಗಿಟಾರ್ ಸಂಗೀತಶಾಲೆಗಳಿಗೆ ಪ್ರವೇಶ ಪಡೆಯಿತು, ಸಂಯೋಜಕರು ಅದಕ್ಕಾಗಿ ಬರೆದರು. ತೆತ್ತ ಬೆಲೆ ಸಣ್ಣದಲ್ಲ: ಹಲವು ತಲೆಮಾರಿನ ಶಾಸ್ತ್ರೀಯ ವಾದಕರು ನಾದದ ಹೊಳಪಿನಲ್ಲಿ ಮುಳುಗಿ ಲಯದ ಕಸುವನ್ನು ಕಡೆಗಣಿಸಿದರು.

ಇದು ಎದ್ದು ಕಾಣುವುದು ಸಂಯೋಜಕ ರೊದ್ರೀಗೊ ಅವರ ‘ಕೊನ್ಸಿಯೆರ್ತೊ ದೆ ಅರಾನ್ಹ್ವೆಸ್’ನಲ್ಲಿ. 1940ರಲ್ಲಿ ಬಾರ್ಸಿಲೋನಾದಲ್ಲಿ ಮೊದಲು ನುಡಿಸಲಾದ ಈ ಕೃತಿ ಗಿಟಾರೊಂದೇ ಬಾಚುವ ಕಾರ್ಡುಗಳಿಂದ ಶುರುವಾಗುತ್ತದೆ. ಆರು ಮಾತ್ರೆಗಳು ಒಮ್ಮೆ ಮೂರು-ಮೂರಾಗಿ, ಒಮ್ಮೆ ಎರಡು-ಎರಡಾಗಿ ಒಡೆಯುತ್ತವೆ. ಸ್ವರಲಿಪಿ ಸರಾಗವಾಗಿ ಓದಲು ಬಾರದ ಫ್ಲಮೆಂಕೊ ವಾದಕ ಪಾಕೊ ದೆ ಲೂಸಿಯಾ (1947–2014) ಅದನ್ನು ಕಷ್ಟಪಟ್ಟು ಕಲಿತು 1991ರಲ್ಲಿ ಸಂಯೋಜಕರ ಎದುರೇ ನುಡಿಸಿ ಮುದ್ರಿಸಿದರು. ನಿಧಾನದ ಎರಡನೆಯ ಭಾಗದಲ್ಲಿ ಅವರ ನಾದ ಶಾಸ್ತ್ರೀಯ ವಾದಕರಷ್ಟು ತುಂಬಿಲ್ಲ, ನಿಜ. ಮೊದಲ ಭಾಗದ ಆ ಕಾರ್ಡುಗಳು ಮಾತ್ರ ಅವರ ಕೈಯಲ್ಲಿ ಹೆಜ್ಜೆ ಹಾಕುವಂತಾದವು. 2011ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಮ್ಯಾಡ್ರಿಡ್‌ನಲ್ಲಿ ಇದೇ ಕೃತಿಯನ್ನು ಪ್ರಸ್ತುತಪಡಿಸಿದಾಗ ಗಿಟಾರ್ ಹಿಡಿದವರು ಫ್ಲಮೆಂಕೊದ ಕಾನ್ಯಿಸಾರೆಸ್. ಆಲ್ಬೇನಿಸ್ ಅವರ ‘ಇಬೇರಿಯಾ’ವನ್ನು ಪಿಯಾನೊದಿಂದ ಎರಡು ಗಿಟಾರುಗಳಿಗೆ ಅಳವಡಿಸಿದವರೂ ಅವರೇ.