ಶಾಲಾಬಾಲಕರ ಆವಿಷ್ಕಾರಶಿಕ್ಷಣ: ಲೂಯಿ ಬ್ರೈಲನ ವೃತ್ತಾಂತದ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಶಾಲೆಯ ಮಕ್ಕಳು ತಾವೇ ಒಂದು ನೂತನ ಉಪಕರಣವನ್ನು ಯೋಚಿಸಿ, ಅದರ ನಕ್ಷೆ ಬರೆದು, ಮಾಡಿ ನೋಡುವಂತೆ ಅವರಿಗೆ ನೆರವಾಗಬೇಕೆಂಬ ಮಾತನ್ನು ಈಗ ಅಲ್ಲಗಳೆಯುವವರಿಲ್ಲ. 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಷನ್ನಿನ ಮೂಲಕ ಕೇಂದ್ರ ಸರ್ಕಾರವು 6ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ಟಿಂಕರಿಂಗ್ ಪ್ರಯೋಗಶಾಲೆಗಳನ್ನು ತೆರೆಯಲು ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಪಡಿಸಿತು. ಸಲಕರಣೆಗಳ ಗುಣದೋಷವಿಚಾರ ವಿಜ್ಞಾನದವರಿಗೆ ಸೇರಿದ್ದು. ಚರಿತ್ರೆಯ ಅಧ್ಯಾಪಕರಾದ ನಮ್ಮ ಆಕ್ಷೇಪವಿರುವುದು ಆವಿಷ್ಕಾರದ ಕಥೆಯನ್ನು ಮಕ್ಕಳಿಗೆ ಹೇಳುವ ರೀತಿಯ ಮೇಲೆ. ಕಥೆ ಹೇಗೋ, ಪ್ರಯೋಗಶಾಲೆಯ ನಡೆಯೂ ಹಾಗೆಯೇ ಆಗುವುದು.

ಲೂಯಿ ಬ್ರೈಲನ ವೃತ್ತಾಂತವನ್ನೇ ತೆಗೆದುಕೊಳ್ಳೋಣ. ತಂದೆಯ ಚರ್ಮದ ಕೆಲಸದ ಅಂಗಡಿಯಲ್ಲಿ ಮೂರು ವರ್ಷದ ಮಗುವಿನ ಕಣ್ಣನ್ನು ಕಳೆದ ದಬ್ಬಳವೇ ಮುಂದೆ ಅಂಧರಿಗೆ ಅಕ್ಷರವನ್ನು ಕೊಟ್ಟಿತೆಂದು ಹೇಳಿ, ಕೇಳುವವರನ್ನು ಬೆರಗುಗೊಳಿಸಿ ಮುಗಿಸುವುದು ರೂಢಿ. ಕಥೆ ರಮ್ಯವಾಗಿದೆ, ಆದರೆ ಅದರಿಂದ ಮಗು ಕಲಿಯುವುದೇನು? ಪ್ರತಿಭೆ ಎಂಬುದು ಮಿಂಚಿನಂತೆ ಬರತಕ್ಕದ್ದು, ತನಗೆ ಬಂದಿಲ್ಲ ಎಂಬಷ್ಟೇ.

ವಾಸ್ತವವು ಬೇರೆ. 1819ರಲ್ಲಿ ಪ್ಯಾರಿಸಿನ ಅಂಧಬಾಲಕರ ಶಾಲೆಗೆ ಸೇರಿದ ಬ್ರೈಲನ ಕೈಗೆ ಕೆಲವೇ ವರ್ಷಗಳಲ್ಲಿ ಸಿಕ್ಕಿದ್ದು ಚಾರ್ಲ್ಸ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯ ಚುಕ್ಕೆಬರಹ. ಅದು ಸಿದ್ಧವಸ್ತುವಾಗಿತ್ತು, ಆದರೆ ಅಪೂರ್ಣವಾಗಿತ್ತು. ಒಂದು ಸಂಕೇತಕ್ಕೆ ಹನ್ನೆರಡು ಚುಕ್ಕೆಗಳವರೆಗೆ ಬೇಕಾಗುತ್ತಿದ್ದುದರಿಂದ ಬೆರಳ ತುದಿಯ ಒಂದು ಸ್ಪರ್ಶಕ್ಕೆ ಅದು ಅಡಗುತ್ತಿರಲಿಲ್ಲ. ಅದು ಧ್ವನಿಯನ್ನು ಸೂಚಿಸುತ್ತಿದ್ದಿತೇ ಹೊರತು ಕಾಗುಣಿತವನ್ನಲ್ಲ. ಕಣ್ಣಿದ್ದ ಬಾರ್ಬಿಯೆಗೆ ತೋರದ ಈ ದೋಷ ನಿತ್ಯವೂ ಓದಬೇಕಾಗಿದ್ದ ಬಾಲಕನ ಬೆರಳಿಗೆ ತೋರಿತು. 1824ರ ಸುಮಾರಿಗೆ, ಹದಿನೈದನೆಯ ವಯಸ್ಸಿನಲ್ಲಿ, ಅವನು ಆರು ಚುಕ್ಕೆಗಳ ಮನೆಯನ್ನು ನಿಶ್ಚಯಿಸಿದನು. ಅದರಿಂದ 63 ರೂಪಗಳು ದೊರೆಯುತ್ತವೆ. (1951ರಲ್ಲಿ ಅಂಗೀಕೃತವಾದ ಭಾರತೀ ಬ್ರೈಲಿನಲ್ಲಿ ಕನ್ನಡವೂ ಈ ಮನೆಯಲ್ಲಿಯೇ ಒಕ್ಕಲಾಗಿದೆ.) ಆದರೂ ಕೆಲಸ ಮುಗಿಯಲಿಲ್ಲ. 1829ರ ಗ್ರಂಥದಲ್ಲಿ ಚುಕ್ಕೆಗಳ ಜೊತೆಗೆ ಗೀಟುಗಳೂ ಇದ್ದುವು. 1837ರ ಆವೃತ್ತಿಯಲ್ಲಿ ಅವನು ಗೀಟುಗಳನ್ನು ಬಿಟ್ಟನು. ಮೊದಲ ಗ್ರಂಥದಲ್ಲಿ ಬಾರ್ಬಿಯೆಯ ಋಣವನ್ನೂ ಒಪ್ಪಿಕೊಂಡಿದ್ದಾನೆ. ಅವನ ಶಾಲೆ ಈ ಲಿಪಿಯನ್ನು ವಿಧಿವತ್ತಾಗಿ ಸ್ವೀಕರಿಸಿದ್ದು 1854ರಲ್ಲಿ, ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ. ಪಿನ್ಯೆ ಎಂಬ ಮುಖ್ಯಾಧಿಕಾರಿ ಕೊಟ್ಟಿದ್ದ ಅವಕಾಶವನ್ನು ಅವನ ತರುವಾಯ ಬಂದ ದ್ಯುಫೋ ಕೆಲಕಾಲ ಹಿಂತೆಗೆದುಕೊಂಡದ್ದನ್ನು ಇಲ್ಲಿ ಮರೆಯಲಾಗದು. ಬಾಲಕನ ಆವಿಷ್ಕಾರಕ್ಕೆ ನೆರಳೂ ಬಿಸಿಲೂ ಒಂದೇ ಶಾಲೆಯಿಂದ ಬಂದುವು.

ಈ ಗೀಟುಗಳ ಸಂಗತಿಯೇ ನಮಗೆ ಮುಖ್ಯ. ಬಿಟ್ಟದ್ದು ಯಾವುದು, ಏಕೆ ಬಿಟ್ಟಿತು ಎಂಬುದೇ ಆವಿಷ್ಕಾರದ ಚರಿತ್ರೆ. ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ವಸ್ತುಪ್ರದರ್ಶನಕ್ಕೆ ನಾವು ಪರೀಕ್ಷಕರಾಗಿ ಹೋಗಿದ್ದೆವು. ಅಂಗಡಿಯಿಂದ ತಂದ ಭಾಗಗಳನ್ನು ಜೋಡಿಸಿದ ಮಾದರಿಗಳು ಸಾಲಾಗಿ ಮಿನುಗುತ್ತಿದ್ದುವು. ಬಾವಿಯ ರಾಟೆಗೆ ಹಗ್ಗ ಜಾರದಂತೆ ತಡೆಯೊಂದನ್ನು ಮಾಡಿದ್ದ ಬಾಲಕಿಯನ್ನು ಅವಳ ಮೊದಲಿನ ನಕ್ಷೆಗಳನ್ನು ಕೇಳಿದೆವು. ನೋಟುಪುಸ್ತಕ ಅಂದವಾಗಿರಲೆಂದು ತಪ್ಪು ಚಿತ್ರಗಳ ಹಾಳೆಗಳನ್ನು ಉಪಾಧ್ಯಾಯರು ಹರಿಸಿದ್ದರಂತೆ. ಉಳಿದಿದ್ದುದು ಸ್ಕೇಲಿನಿಂದ ಗೆರೆಯೆಳೆದ ಒಂದೇ ಚಿತ್ರ. ದಾಖಲೆಗಳ ನಾಶವನ್ನು ಕುರಿತು ವರ್ಷವಿಡೀ ಉಪನ್ಯಾಸ ಮಾಡುವ ನಮಗೆ ಆ ಹಾಳೆಗಳ ನಷ್ಟ ಸಣ್ಣದಾಗಿ ತೋರಲಿಲ್ಲ. ನಮ್ಮ ಅಂಕಪಟ್ಟಿಯಲ್ಲಿಯೂ ಅಂದಕ್ಕೆ ಅಂಕವಿತ್ತು, ತಪ್ಪಿಗೆ ಇರಲಿಲ್ಲ. ಆದುದರಿಂದ ಆ ಉಪಾಧ್ಯಾಯರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಉಪಾಧ್ಯಾಯರು ನಕ್ಷೆಯನ್ನು ತಿದ್ದುವ ಮೊದಲು ಅದನ್ನು ಯಾರು ಬಳಸುವರೋ ಅವರ ಕೈಗೆ ಕೊಡಿಸಬೇಕು. ಅವರು ಹೇಳಿದ್ದನ್ನು ಮಗುವೇ ತಾರೀಖು ಹಾಕಿ ಬರೆದಿಡಬೇಕು. ಇದಕ್ಕೆ ಬೇಕಾದದ್ದು ಒಂದು ಹೊಲಿದ ಪುಸ್ತಕ, ಹಾಳೆ ಕಿತ್ತರೆ ಗೊತ್ತಾಗುವಂಥದು.